ನೀರಿನ ಮಾತ್ರೆ ತೆಗೆದುಕೊಳ್ಳುವವರು ಉಪ್ಪಿನ ಲೆಕ್ಕ ಇಡಬೇಕು

ಒಂದು ಚೊಂಬು ಬಾರ್ಲಿ ನೀರು ಕುಡಿದರೆ ಸ್ವಲ್ಪ ಹೊತ್ತಿಗೇ ಎರಡು ಸಲ ಮೂತ್ರಕ್ಕೆ ಎದ್ದು ಹೋಗಬೇಕಾಗುತ್ತದೆ. ಮೂತ್ರ ಹೆಚ್ಚಿಸಿ ಮೈಯ ನೀರು ಇಳಿಸುವ ನೀರಿನ ಮಾತ್ರೆ ಲ್ಯಾಸಿಕ್ಸ್ 40, ಅಂದರೆ 40 ಎಂಜಿ ಫ್ಯೂರೊಸೆಮೈಡ್, ನುಂಗಿದರೂ ಹಾಗೇ. ಆದರೆ ಬಾರ್ಲಿ ನೀರಿಗೆ ಕಾಲಿನ ಬಾವು ಇಳಿಯುವುದಿಲ್ಲ, ಲ್ಯಾಸಿಕ್ಸ್‌ಗೆ ಇಳಿಯುತ್ತದೆ. ಬಾರ್ಲಿ ನೀರು ಕುಡಿದಾಗ ಹೊರಗೆ ಹೋಗುವುದು ಆಗತಾನೇ ಕುಡಿದ ನೀರು. ಮಾತ್ರೆ ನುಂಗಿದಾಗ ಹೊರಗೆ ಹೋಗುವುದು ಉಪ್ಪು, ಅದರ ಬೆನ್ನು ಹಿಡಿದು ನೀರು. ಬಾವು ಅಂದರೆ ಬರೀ ನೀರಲ್ಲ, ಉಪ್ಪುನೀರು. ಒಂದು ಲೀಟರ್ ಬಾವಿನ ನೀರಿನಲ್ಲಿ ಸುಮಾರು 8 ಗ್ರಾಂ ಉಪ್ಪಿರುತ್ತದೆ, ಅಂದರೆ ಒಂದೂವರೆ ಟೀ ಚಮಚ. ಆ ಉಪ್ಪು ಜಾಗ ಬಿಡುವವರೆಗೆ ಆ ನೀರೂ ಬಿಡುವುದಿಲ್ಲ.

ಹೃದಯ ದುರ್ಬಲವಾಗಿಯೋ, ಲಿವರ್ ಸಿರೋಸಿಸ್‌ನಿಂದಲೋ, ಕಿಡ್ನಿ ಕಾಯಿಲೆಯಿಂದಲೋ ನೀರು ತುಂಬಿಕೊಂಡು ದಿನಾ ನೀರಿನ ಮಾತ್ರೆ ತೆಗೆದುಕೊಳ್ಳುವವರಿಗೆ, ಅವರನ್ನು ನೋಡಿಕೊಳ್ಳುವ ಮನೆಯವರಿಗೆ ಈ ಬರಹ. ಡೋಸು ಏರಿಸುವುದು, ಇಳಿಸುವುದು ಡಾಕ್ಟರ ಕೆಲಸ. ಬರೆದುಕೊಟ್ಟ ಡೋಸು ವ್ಯರ್ಥವಾಗದಂತೆ ನೋಡಿಕೊಳ್ಳುವುದು ಮನೆಯವರ ಕೈಯಲ್ಲಿದೆ. ಅದಕ್ಕೆ ಮಾತ್ರೆ ಎಲ್ಲಿ ಕೂತು ಏನು ಮಾಡುತ್ತದೆ ಅನ್ನುವುದು ಒಂದಿಷ್ಟು ಗೊತ್ತಿರಬೇಕು.

ಕೊಳವೆಯೊಳಗೆ

ಒಂದೊಂದು ಕಿಡ್ನಿಯಲ್ಲಿ ಸುಮಾರು 10 ಲಕ್ಷ ನೆಫ್ರಾನ್‌ಗಳಿವೆ. ಪ್ರತಿ ನೆಫ್ರಾನಿನ ತಲೆಯಲ್ಲಿ ರಕ್ತ ಸೋಸುವ ಜರಡಿ, ಅದರ ಕೆಳಗೆ ಸುತ್ತಿ ಬಳಸಿ ಹೋಗುವ ಸಣ್ಣ ಕೊಳವೆ. ಎರಡೂ ಕಿಡ್ನಿಗಳು ಸೇರಿ ದಿನಕ್ಕೆ ಸುಮಾರು 180 ಲೀಟರ್ ಸೋಸುತ್ತವೆ. ಅದರಲ್ಲಿ ಹೆಚ್ಚುಕಡಿಮೆ ಒಂದೂವರೆ ಕಿಲೋ ಉಪ್ಪಿರುತ್ತದೆ. ಕೊನೆಗೆ ಮೂತ್ರವಾಗಿ ಹೊರಬರುವುದು ಒಂದೂವರೆ ಲೀಟರ್ ನೀರು, ಅವತ್ತು ತಿಂದಷ್ಟು ಉಪ್ಪು. ಉಳಿದದ್ದನ್ನೆಲ್ಲ ಕೊಳವೆಯ ಗೋಡೆ ರಕ್ತಕ್ಕೆ ವಾಪಸು ಎಳೆದುಕೊಂಡಿರುತ್ತದೆ. ನೀರಿನ ಮಾತ್ರೆಗಳು ಜರಡಿಯ ತಂಟೆಗೆ ಹೋಗುವುದಿಲ್ಲ. ಈ ವಾಪಸು ಎಳೆಯುವ ಕೆಲಸಕ್ಕೆ ಅಡ್ಡಗಾಲು ಹಾಕುತ್ತವೆ. ಯಾವ ಮಾತ್ರೆ ಎಲ್ಲಿ ಅಡ್ಡ ಬರುತ್ತದೆ ಅನ್ನುವುದರ ಮೇಲೆ ಅದರ ಬಲವೂ ಅದರ ತೊಂದರೆಯೂ ನಿಂತಿವೆ.

ಕೊಳವೆಯ ಮೊದಲ ತಿರುವಿನಲ್ಲೇ ಉಪ್ಪಿನ ಮುಖ್ಯ ಅಂಶವಾದ ಸೋಡಿಯಂ ನೂರಕ್ಕೆ ಸುಮಾರು 65 ಭಾಗ ವಾಪಸಾಗುತ್ತದೆ. ಹಾಗಾದರೆ ಇಲ್ಲಿ ತಡೆದರೆ ಎಲ್ಲಕ್ಕಿಂತ ಹೆಚ್ಚು ಮೂತ್ರ ಬರಬೇಕಲ್ಲ? ಬರುವುದಿಲ್ಲ. ಇಲ್ಲಿ ತಪ್ಪಿಸಿಕೊಂಡ ಉಪ್ಪನ್ನು ಮುಂದಿನ ತಿರುವುಗಳು ಹಿಡಿದುಬಿಡುತ್ತವೆ. ಈ ಜಾಗದ ಮಾತ್ರೆ ಅಸೆಟಜೋಲಮೈಡ್. ಲಡಾಖಿನಂಥ ಎತ್ತರದ ಜಾಗಕ್ಕೆ ಹೋಗುವವರು ತೆಗೆದುಕೊಳ್ಳುವ ಡೈಮಾಕ್ಸ್ ಇದೇ. ಬಾವು ಇಳಿಸಲು ಇದೊಂದೇ ಸಾಲದು.

ಮುಂದಿನದು ಹೆನ್ಲೆಯ ಕುಣಿಕೆ. ಹೇರ್‌ಪಿನ್ನಿನಂತೆ ಕೆಳಗಿಳಿದು ಮೇಲೆ ಬರುತ್ತದೆ. ಮೇಲೇರುವ ದಪ್ಪ ಭಾಗದ ಗೋಡೆ ಉಪ್ಪನ್ನು ಬಿಟ್ಟುಕೊಳ್ಳುತ್ತದೆ, ನೀರನ್ನು ಬಿಡುವುದಿಲ್ಲ. ಒಂದು ಸೋಡಿಯಂ, ಒಂದು ಪೊಟ್ಯಾಸಿಯಂ, ಎರಡು ಕ್ಲೋರೈಡ್ ಜೊತೆಗೂಡಿಯೇ ಒಳಗೆ ಹೋಗಬೇಕಾದ ಬಾಗಿಲೊಂದು ಇಲ್ಲಿದೆ. ಒಟ್ಟು ಸೋಡಿಯಂನ 25 ಭಾಗ ಈ ಬಾಗಿಲಿನಿಂದ ವಾಪಸಾಗುತ್ತದೆ. ಹೀಗೆ ಹೊರಗೆ ಪೇರಿಸಿದ ಉಪ್ಪಿನಿಂದ ಕಿಡ್ನಿಯ ಒಳಭಾಗ ರಕ್ತಕ್ಕಿಂತ ನಾಲ್ಕು ಪಟ್ಟು ಗಾಢವಾಗುತ್ತದೆ. ಆ ಗಾಢತೆಯ ಸೆಳೆತಕ್ಕೇ ಕೊನೆಯ ಕೊಳವೆಯಿಂದ ನೀರು ಹೊರಬಂದು ಮೂತ್ರ ಗಟ್ಟಿಯಾಗುವುದು. ಫ್ಯೂರೊಸೆಮೈಡ್, ಟಾರ್ಸೆಮೈಡ್ ಈ ಬಾಗಿಲಿಗೆ ಅಗುಳಿ ಹಾಕುತ್ತವೆ. ಒಂದು ಏಟಿಗೆ ಎರಡು ಪರಿಣಾಮ: ಉಪ್ಪು ಕೊಳವೆಯಲ್ಲೇ ಉಳಿಯುತ್ತದೆ, ಮೂತ್ರ ಗಟ್ಟಿ ಮಾಡುವ ಸೆಳೆತವೂ ಕರಗುತ್ತದೆ. ಮುಂದಿನ ತಿರುವುಗಳಿಗೆ ಇಷ್ಟೊಂದು ಉಪ್ಪನ್ನು ಹಿಡಿಯುವ ಶಕ್ತಿ ಇಲ್ಲ. ಈ ಗುಂಪಿನ ಮಾತ್ರೆಗಳಿಗೆ ಇಷ್ಟು ಜೋರು ಬಂದಿರುವುದು ಅದಕ್ಕೇ.

ಅದಾದ ಮೇಲಿನ ಗಿಡ್ಡ ತಿರುವಿನಲ್ಲಿ 5 ಭಾಗ ಮಾತ್ರ. ಹೈಡ್ರೊಕ್ಲೋರೊಥಯಾಜೈಡ್, ಕ್ಲೋರ್ಥಾಲಿಡೋನ್, ಮೆಟೊಲಜೋನ್ ಕೆಲಸ ಮಾಡುವುದು ಇಲ್ಲಿ. ಬಿಪಿಗೆ ಒಳ್ಳೆಯವು, ಬಾವಿಗೆ ಒಂಟಿಯಾಗಿ ಸಾಧಾರಣ. ಇವು ಕ್ಯಾಲ್ಸಿಯಂ ಮೂತ್ರಕ್ಕೆ ಹೋಗುವುದನ್ನು ಕಡಿಮೆ ಮಾಡುತ್ತವೆ, ಹಾಗಾಗಿ ಕ್ಯಾಲ್ಸಿಯಂ ಕಲ್ಲು ಮತ್ತೆ ಮತ್ತೆ ಆಗುವವರಿಗೂ ಕೊಡುವುದುಂಟು. ಯೂರಿಕ್ ಆಸಿಡ್ ಏರಿಸುವುದರಿಂದ ಗೌಟ್ ಎಂಬ ಕೀಲುನೋವು ಇದ್ದವರ ಕಾಲಿನ ಹೆಬ್ಬೆರಳು ಕೆರಳಿಸುವುದೂ ಉಂಟು.

ಕೊನೆಯ ಕೊಳವೆಯಲ್ಲಿ ಉಳಿದ ಎರಡು ಮೂರು ಭಾಗದ ಕೊಡುಕೊಳ್ಳುವಿಕೆ. ಆಲ್ಡೊಸ್ಟೆರಾನ್ ಅನ್ನುವ ಹಾರ್ಮೋನಿನ ಅಪ್ಪಣೆಯಂತೆ ಸೋಡಿಯಂ ಒಳಗೆ, ಪೊಟ್ಯಾಸಿಯಂ ಹೊರಗೆ. ಮೇಲಿನಿಂದ ಮಾತ್ರೆಯ ಕಾರಣಕ್ಕೆ ಸೋಡಿಯಂ ಹೆಚ್ಚಾಗಿ ಹರಿದುಬಂದರೆ ಇಲ್ಲಿನ ವ್ಯಾಪಾರ ಜೋರಾಗಿ ಪೊಟ್ಯಾಸಿಯಂ ಸೋರಿಹೋಗುತ್ತದೆ. ಲ್ಯಾಸಿಕ್ಸ್ ತೆಗೆದುಕೊಳ್ಳುವವರಿಗೆ ಪೊಟ್ಯಾಸಿಯಂ ಇಳಿಯುವುದು ಬಹುಪಾಲು ಹೀಗೆ. ಆಲ್ಡಾಕ್ಟೋನ್, ಅಂದರೆ ಸ್ಪೈರೊನೊಲ್ಯಾಕ್ಟೋನ್, ಆ ಹಾರ್ಮೋನಿನ ಮಾತು ನಡೆಯದಂತೆ ಮಾಡುತ್ತದೆ. ಸೋಡಿಯಂ ಹೋಗುತ್ತದೆ, ಪೊಟ್ಯಾಸಿಯಂ ಉಳಿಯುತ್ತದೆ. ಇದರ ಪರಿಣಾಮ ಕಾಣಲು ಎರಡು ಮೂರು ದಿನ ಬೇಕು. ನುಂಗಿದ ದಿನವೇ ಮೂತ್ರ ಹೆಚ್ಚಾಗಲಿಲ್ಲ ಎಂದು ಬಿಟ್ಟುಬಿಡುವ ಮಾತ್ರೆಯಲ್ಲ.

ಹೊಸ್ತಿಲು ದಾಟದ ಡೋಸು

ಫ್ಯೂರೊಸೆಮೈಡ್ ಬಗ್ಗೆ ಬಹಳ ಮಂದಿಗೆ ತಿಳಿಯದ ಸಂಗತಿ ಒಂದಿದೆ. ಅದು ಕೆಲಸ ಮಾಡುವುದು ರಕ್ತದ ಕಡೆಯಿಂದಲ್ಲ, ಕೊಳವೆಯ ಒಳಗಿನಿಂದ. ರಕ್ತದಲ್ಲಿ ಆಲ್ಬುಮಿನ್ ಅನ್ನುವ ಪ್ರೋಟೀನಿಗೆ ಅಂಟಿಕೊಂಡಿರುವುದರಿಂದ ಜರಡಿಯಲ್ಲಿ ಇಳಿಯುವುದಿಲ್ಲ. ಮೊದಲ ತಿರುವಿನ ಜೀವಕೋಶಗಳು ಅದನ್ನು ರಕ್ತದಿಂದ ಎತ್ತಿ ಕೊಳವೆಯೊಳಗೆ ಹಾಕಬೇಕು. ಅಲ್ಲಿಂದ ಅದು ಕುಣಿಕೆಗೆ ಹರಿದುಹೋಗಬೇಕು. ಕಿಡ್ನಿ ಸೋತವರಲ್ಲಿ ರಕ್ತದಲ್ಲಿ ನಿಂತ ಕಲ್ಮಶಗಳೂ ಅದೇ ಸಾಗಣೆಗೆ ಸಾಲು ನಿಂತಿರುತ್ತವೆ, ಮಾತ್ರೆಯ ಪಾಲಿಗೆ ಜಾಗ ಸಿಗುವುದಿಲ್ಲ. ಪಕ್ಕದ ಮನೆಯವರಿಗೆ 20 ಎಂಜಿಗೆ ಇಳಿದ ಬಾವು ಇವರಿಗೆ 80ಕ್ಕೂ ಇಳಿಯದಿರಲು ಕಾರಣ ಇದು.

ಕೊಳವೆಯೊಳಗೆ ಒಂದು ಮಟ್ಟ ಮುಟ್ಟುವವರೆಗೆ ಪರಿಣಾಮ ಹೆಚ್ಚುಕಡಿಮೆ ಸೊನ್ನೆ. ಮುಟ್ಟಿದ ಕೂಡಲೇ ಜೋರು. ಆಮೇಲೆ ಎಷ್ಟು ಹಾಕಿದರೂ ಹೆಚ್ಚಾಗದು. ಹಾಗಾಗಿ 40 ಎಂಜಿಗೆ ಏನೂ ಆಗದವರು ಅದೇ 40 ಅನ್ನು ಮೂರು ಸಲ ನುಂಗಿದರೆ ಮೂರು ಸಲವೂ ಏನೂ ಆಗುವುದಿಲ್ಲ. ಅವರಿಗೆ ಒಂದೇ ಸಲಕ್ಕೆ ದೊಡ್ಡ ಡೋಸು ಬೇಕು. ಬದಲಿಗೆ 40ಕ್ಕೆ ಚೆನ್ನಾಗಿ ಮೂತ್ರ ಬಂದು ಮಧ್ಯಾಹ್ನಕ್ಕೆ ನಿಂತುಹೋಗುವವರಿಗೆ ಡೋಸು ಹೆಚ್ಚಿಸಿ ಪ್ರಯೋಜನ ಕಡಿಮೆ. ಅವರಿಗೆ ಎರಡನೇ ಹೊತ್ತು ಬೇಕು. ಡಾಕ್ಟರ ಹತ್ತಿರ ಹೋದಾಗ "ಮಾತ್ರೆ ಕೆಲಸ ಮಾಡ್ತಿಲ್ಲ" ಅಂದರೆ ಈ ಎರಡರಲ್ಲಿ ಯಾವುದು ಎಂದು ಅವರಿಗೆ ಗೊತ್ತಾಗುವುದಿಲ್ಲ. "ನುಂಗಿ ಎರಡು ಗಂಟೆಯಾದರೂ ಮೂತ್ರ ಹೆಚ್ಚಾಗಲ್ಲ" ಅಥವಾ "12 ಗಂಟೆವರೆಗೆ ಬರತ್ತೆ, ಆಮೇಲಿಲ್ಲ" ಎಂದು ಹೇಳಿ.

ಇದನ್ನು ಹೇಳಲು ಒಂದು ದಿನ ಅಳೆಯಬೇಕು. ಅಳತೆ ಗುರುತಿರುವ ಪ್ಲಾಸ್ಟಿಕ್ ಜಗ್ ಒಂದನ್ನು ಬಚ್ಚಲಲ್ಲಿ ಬೇರೆ ಇಡಿ. ಬೆಳಿಗ್ಗೆ ಮೂತ್ರಕ್ಕೆ ಹೋಗಿಬಂದು ಮಾತ್ರೆ ನುಂಗಿ, ಅಲ್ಲಿಂದ ಆರು ಗಂಟೆ ಬಂದದ್ದನ್ನೆಲ್ಲ ಅಳೆದು ಗಂಟೆಯ ಜೊತೆ ಬರೆಯಿರಿ. ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟ ಮೇಲೆ ಮೊದಲ ಆರು ಗಂಟೆ ಗಂಟೆಗೆ 100ರಿಂದ 150 ಎಂಎಲ್ ಬರದಿದ್ದರೆ ಡೋಸು ಸಾಲದು ಎಂದು ಲೆಕ್ಕ ಹಾಕುತ್ತಾರೆ. ಮನೆಯಲ್ಲಿ ಮಾತ್ರೆಗೆ ಇಷ್ಟು ಬಿಗಿ ಲೆಕ್ಕ ಬೇಡ, ಆದರೆ ಆ ಚೀಟಿ ನೋಡಿದ ಡಾಕ್ಟರಿಗೆ ಮುಂದಿನ ಹೆಜ್ಜೆ ಸುಲಭ.

ಯಾವ ಹೊತ್ತಿಗೆ

ಫ್ಯೂರೊಸೆಮೈಡ್ ಮಾತ್ರೆ ಅರ್ಧದಿಂದ ಒಂದು ಗಂಟೆಯೊಳಗೆ ಶುರುವಾಗಿ, ಒಂದೆರಡು ಗಂಟೆಗೆ ಏರಿ, ಆರು ಗಂಟೆಗೆ ಮುಗಿಯುತ್ತದೆ. ಬೆಳಿಗ್ಗೆ ತಿಂಡಿಗೆ ಅರ್ಧ ಗಂಟೆ ಮುಂಚೆ ತೆಗೆದುಕೊಳ್ಳುವುದು ಒಳ್ಳೆಯದು, ಹೊಟ್ಟೆ ತುಂಬಿದ್ದರೆ ಹೀರಿಕೆ ತಗ್ಗುತ್ತದೆ. ಎರಡನೇ ಹೊತ್ತು ಇದ್ದರೆ ಮಧ್ಯಾಹ್ನ 2ರಿಂದ 4ರೊಳಗೆ. ರಾತ್ರಿ ಊಟದ ಜೊತೆ ನುಂಗಿದರೆ ಕತ್ತಲಲ್ಲಿ ನಾಲ್ಕು ಸಲ ಏಳಬೇಕು, ವಯಸ್ಸಾದವರು ಬಚ್ಚಲ ಬಾಗಿಲಲ್ಲಿ ಬೀಳುವುದು ಆಗಲೇ.

ಫ್ಯೂರೊಸೆಮೈಡ್ ಹೊಟ್ಟೆಯಿಂದ ರಕ್ತಕ್ಕೆ ಸೇರುವುದು ಸರಾಸರಿ ಅರ್ಧದಷ್ಟು, ಅದೂ ಒಬ್ಬರಿಂದ ಒಬ್ಬರಿಗೆ, ದಿನದಿಂದ ದಿನಕ್ಕೆ ಬೇರೆ. ಮೈಯೆಲ್ಲ ನೀರು ತುಂಬಿದಾಗ ಕರುಳಿನ ಗೋಡೆಯೂ ಊದಿರುತ್ತದೆ, ಮಾತ್ರೆ ನಿಧಾನವಾಗಿ ಒಳಸೇರಿ ಹೊಸ್ತಿಲು ದಾಟದೇ ಹೋಗಬಹುದು. ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟೊಡನೆ ಬಾವು ಇಳಿದು, ಮನೆಗೆ ಬಂದು ಅದೇ ಹೆಸರಿನ ಮಾತ್ರೆಗೆ ಮತ್ತೆ ಏರಿದರೆ ಮಾತ್ರೆ ನಕಲಿ ಎಂದುಕೊಳ್ಳಬೇಡಿ. ಟಾರ್ಸೆಮೈಡ್ 80ರಿಂದ 100 ಭಾಗ ಒಳಸೇರುತ್ತದೆ, ಊಟಕ್ಕೆ ಮುಂಚೆಯೋ ಆಮೇಲೋ ಅನ್ನುವ ತಲೆನೋವಿಲ್ಲ, ಕೆಲಸವೂ ಇನ್ನಷ್ಟು ಹೊತ್ತು ನಡೆಯುತ್ತದೆ. 40 ಎಂಜಿ ಫ್ಯೂರೊಸೆಮೈಡ್ ಮಾತ್ರೆಗೆ ಸಮವಾಗಿ 10ರಿಂದ 20 ಎಂಜಿ ಟಾರ್ಸೆಮೈಡ್ ಬರೆಯುತ್ತಾರೆ. ಅಂಕಿ ಚಿಕ್ಕದಾಯಿತೆಂದು ಎರಡೆರಡು ನುಂಗಬಾರದು.

ಬಸ್ಸಿನಲ್ಲಿ ಊರಿಗೆ ಹೊರಟ ದಿನ, ಮದುವೆ ಮನೆಗೆ ಹೋದ ದಿನ ಮಾತ್ರೆ ಬಿಡುವವರೇ ಹೆಚ್ಚು. ಬಿಡಬೇಡಿ, ಹೊತ್ತು ಮುಂದೂಡಿ. ಮಧ್ಯಾಹ್ನ ತಲುಪಿ ನುಂಗಿದರೂ ಆಗುತ್ತದೆ. ಮರೆತದ್ದು ಸಂಜೆ ನೆನಪಾದರೆ ಅವತ್ತಿನದು ಹೋಯಿತು ಎಂದು ಬಿಟ್ಟು, ಮಾರನೆಯ ದಿನ ಎಂದಿನಷ್ಟೇ.

ಉಳಿದ ಹದಿನೆಂಟು ಗಂಟೆ

ಮಾತ್ರೆಯ ಆರು ಗಂಟೆ ಮುಗಿದ ಮೇಲೆ ಕಿಡ್ನಿ ಸುಮ್ಮನಿರುವುದಿಲ್ಲ. ಉಪ್ಪು ಕಳೆದುಕೊಂಡೆ ಎಂದು ತಿಳಿದು ಮುಂದಿನ ಡೋಸಿನವರೆಗೆ ಸಿಕ್ಕಿದ ಉಪ್ಪನ್ನೆಲ್ಲ ಬಾಚಿಕೊಳ್ಳುತ್ತದೆ. ಒಂದು ದಿನದ ಲೆಕ್ಕ ನೋಡಿ. ಬೆಳಿಗ್ಗೆ ನುಂಗಿದ ಮಾತ್ರೆಗೆ 2 ಲೀಟರ್ ಮೂತ್ರ ಬಂತು ಎನ್ನಿ. ಫ್ಯೂರೊಸೆಮೈಡಿನ ಮೂತ್ರದಲ್ಲಿ ಸೋಡಿಯಂ ರಕ್ತದಲ್ಲಿರುವುದರ ಸುಮಾರು ಅರ್ಧ, ಹಾಗಾಗಿ ಹೊರಗೆ ಹೋದ ಉಪ್ಪು 8–9 ಗ್ರಾಂ. ಆಮೇಲಿನ ಹದಿನೆಂಟು ಗಂಟೆ ಬಹಳ ಕಡಿಮೆ ಹೋಗುತ್ತದೆ. ಅವತ್ತು 5 ಗ್ರಾಂ ಉಪ್ಪು ತಿಂದವರು ಮೂರು ನಾಲ್ಕು ಗ್ರಾಂ ಕಳೆದುಕೊಂಡರು, ಅರ್ಧ ಕಿಲೋದಷ್ಟು ತೂಕ ಇಳಿಯಿತು. ಹಪ್ಪಳ, ಉಪ್ಪಿನಕಾಯಿ, ರಾತ್ರಿ ಉಪ್ಪು ಹಾಕಿದ ಮಜ್ಜಿಗೆ ಎಂದು 12 ಗ್ರಾಂ ತಿಂದವರು ದಿನವಿಡೀ ಬಚ್ಚಲಿಗೆ ಓಡಾಡಿಯೂ ಮೂರು ಗ್ರಾಂ ಜಾಸ್ತಿ ಸೇರಿಸಿಕೊಂಡರು. ಮೂತ್ರ ಚೆನ್ನಾಗಿ ಬರುತ್ತಿದೆ, ಕಾಲು ಮಾತ್ರ ಇಳಿಯುತ್ತಿಲ್ಲ ಅನ್ನುವ ಮನೆಗಳಲ್ಲಿ ನಡೆಯುತ್ತಿರುವುದು ಬಹುತೇಕ ಇದೇ.

ಮನೆಯಲ್ಲಿ ಎಷ್ಟು ಉಪ್ಪು ಖರ್ಚಾಗುತ್ತಿದೆ ಎಂದು ತಿಳಿಯಲು ಲ್ಯಾಬ್ ಬೇಡ. ಒಂದು ಕಿಲೋ ಪ್ಯಾಕೆಟ್ ಒಡೆದ ದಿನ ಅದರ ಮೇಲೆ ತಾರೀಕು ಬರೆಯಿರಿ. ನಾಲ್ಕು ಜನರ ಮನೆಯಲ್ಲಿ ತಲೆಗೆ 5 ಗ್ರಾಂನಂತೆ ಅದು 50 ದಿನ ಬರಬೇಕು. 25 ದಿನಕ್ಕೆ ಖಾಲಿಯಾದರೆ ತಲೆಗೆ 10 ಗ್ರಾಂ. ಅಂಗಡಿಯ ಬ್ರೆಡ್, ಬೇಕರಿ ತಿಂಡಿ, ಹೋಟೆಲಿನ ಸಾಂಬಾರು ಈ ಲೆಕ್ಕದಿಂದ ಹೊರಗೆ.

ರೋಗಿಯ ಪಾಲಿಗೆ ಬೆಳಿಗ್ಗೆಯೇ ಮಟ್ಟವಾಗಿ ತೀಡಿದ ಒಂದು ಟೀ ಚಮಚ ಉಪ್ಪನ್ನು ಸಣ್ಣ ಡಬ್ಬಿಗೆ ಹಾಕಿಡಿ. ಡಾಕ್ಟರು ಇನ್ನೂ ಕಡಿಮೆ ಹೇಳಿದ್ದರೆ ಅಷ್ಟೇ. ಸಾರು, ಪಲ್ಯಕ್ಕೆ ಉಪ್ಪು ಬೀಳುವ ಮುಂಚೆ ಅವರ ಪಾಲು ತೆಗೆದು, ಆ ಡಬ್ಬಿಯಿಂದಲೇ ಹಾಕಿ. ಅನ್ನಕ್ಕೆ, ಚಪಾತಿ ಹಿಟ್ಟಿಗೆ, ಮುದ್ದೆಗೆ ಬೇಡ. ಹುಣಸೆ, ನಿಂಬೆ, ಕಾಳುಮೆಣಸು, ಒಗ್ಗರಣೆ ಮುಂದೆ ಬಂದರೆ ಸಪ್ಪೆ ಅನ್ನುವ ದೂರು ಎರಡು ವಾರದಲ್ಲಿ ತಗ್ಗುತ್ತದೆ. ಅಡುಗೆ ಸೋಡಾ, ಹಪ್ಪಳದ ಖಾರ, ಗ್ಯಾಸಿಗೆಂದು ನೀರಿಗೆ ಹಾಕಿ ಕುಡಿಯುವ ನೊರೆಯೇಳುವ ಪುಡಿ, ಇವೂ ಸೋಡಿಯಂ ತರುತ್ತವೆ. ಸೈಂಧವ ಲವಣವೂ ಉಪ್ಪೇ.

ತೂಕ

ಮೂತ್ರದ ಅಳತೆಗಿಂತ ತೂಕ ಹೆಚ್ಚು ನಂಬಿಕೆಯದು. ಬೆಳಿಗ್ಗೆ ಎದ್ದು ಮೂತ್ರಕ್ಕೆ ಹೋಗಿಬಂದ ಮೇಲೆ, ಏನೂ ತಿನ್ನುವ ಮುಂಚೆ, ಅದೇ ಯಂತ್ರ, ಹೆಚ್ಚುಕಡಿಮೆ ಅದೇ ಬಟ್ಟೆ, ಗಟ್ಟಿ ನೆಲ. ಚಾಪೆಯ ಮೇಲಿಟ್ಟರೆ ಅಂಕಿ ಸುಳ್ಳಾಗುತ್ತದೆ. ಕ್ಯಾಲೆಂಡರಿನ ಆ ದಿನದ ಚೌಕದಲ್ಲೇ ಬರೆಯಿರಿ. ಎರಡು ಮೂರು ದಿನದಲ್ಲಿ ಎರಡು ಕಿಲೋ ಏರಿದರೆ ಅದು ಕೊಬ್ಬಲ್ಲ, ನೀರು. ಏದುಸಿರು ಬರುವುದನ್ನು ಕಾಯದೆ ಫೋನ್ ಮಾಡಿ. ತೂಕ ಬೇಗ ಇಳಿಯುವುದೂ ಬೇಡ. ಲಿವರ್ ಕಾಯಿಲೆಯಿಂದ ಹೊಟ್ಟೆಯಲ್ಲಿ ನೀರಿದ್ದು ಕಾಲು ಊದಿಲ್ಲದವರಿಗೆ ದಿನಕ್ಕೆ ಅರ್ಧ ಕಿಲೋ ಮಿತಿ, ಕಾಲೂ ಊದಿದ್ದರೆ ಒಂದು ಕಿಲೋ. ಮೀರಿದರೆ ರಕ್ತನಾಳ ಬರಿದಾಗಿ ಕಿಡ್ನಿಗೇ ಪೆಟ್ಟು.

ಬಾವು ನೋಡುವ ಜಾಗ ಪಾದವಲ್ಲ. ಪಾದದ ಗಂಟಿನಿಂದ ಸ್ವಲ್ಪ ಮೇಲೆ, ಕಾಲಿನ ಮುಂಭಾಗದ ಮೂಳೆಗೆ ಹೆಬ್ಬೆರಳನ್ನು ಐದರಿಂದ ಹತ್ತು ಸೆಕೆಂಡು ಒತ್ತಿ ತೆಗೆಯಿರಿ. ಗುಳಿ ಉಳಿದರೆ ಬಾವು ಇದೆ. ಹಾಸಿಗೆ ಹಿಡಿದವರಲ್ಲಿ ಕಾಲು ಸಪೂರ ಕಂಡರೂ ಸೊಂಟದ ಹಿಂದೆ, ಬೆನ್ನಿನ ಬುಡದಲ್ಲಿ ಒತ್ತಿ ನೋಡಬೇಕು, ನೀರು ತಗ್ಗಿಗೆ ಇಳಿದಿರುತ್ತದೆ.

ಎಲ್ಲಿ ಕೆಡುತ್ತದೆ

ಮೊದಲ ಶತ್ರು ನೋವಿನ ಮಾತ್ರೆ. ಡೈಕ್ಲೊಫೆನಾಕ್, ಐಬುಪ್ರೊಫೆನ್, ಅಸಿಕ್ಲೊಫೆನಾಕ್ ಮಂಡಿನೋವಿಗೆ ಚೀಟಿಯಿಲ್ಲದೆ ಸಿಗುತ್ತವೆ. ಇವು ಕಿಡ್ನಿಯ ರಕ್ತಹರಿವನ್ನು ತಗ್ಗಿಸಿ ಉಪ್ಪನ್ನು ಹಿಡಿದಿಡುತ್ತವೆ, ನೀರಿನ ಮಾತ್ರೆಯ ಬಲ ಕುಂದುತ್ತದೆ. ಜೊತೆಗೆ ರಾಮಿಪ್ರಿಲ್, ಟೆಲ್ಮಿಸಾರ್ಟನ್‌ನಂಥ ಬಿಪಿ ಮಾತ್ರೆಯೂ ಇದ್ದರೆ ಮೂರೂ ಸೇರಿ ಕೆಲವೇ ದಿನದಲ್ಲಿ ಕ್ರಿಯಾಟಿನಿನ್ (ಕಿಡ್ನಿ ಸೋತಾಗ ರಕ್ತದಲ್ಲಿ ಹೆಚ್ಚುವ ಕಲ್ಮಶ) ಏರಿಸಬಲ್ಲವು. ನೋವಿಗೆ ಪ್ಯಾರಾಸಿಟಮಾಲ್ ಕೇಳಿ, ಅದೂ ಲಿವರ್ ಕಾಯಿಲೆ ಇದ್ದರೆ ಡಾಕ್ಟರು ಹೇಳಿದ ಮಿತಿಯಲ್ಲಿ.

ವರ್ಷಗಟ್ಟಲೆ ಲ್ಯಾಸಿಕ್ಸ್ ತೆಗೆದುಕೊಂಡವರಲ್ಲಿ ಕುಣಿಕೆಯ ಮುಂದಿನ ಗಿಡ್ಡ ತಿರುವು ಬೆಳೆದು ದಪ್ಪವಾಗಿ, ಹೆಚ್ಚು ಉಪ್ಪು ಹೀರಲು ಕಲಿಯುತ್ತದೆ. ಆಗ ಡಾಕ್ಟರು ಮೆಟೊಲಜೋನ್ ಸೇರಿಸುತ್ತಾರೆ. ಮೇಲೊಂದು ಬಾಗಿಲು, ಕೆಳಗೊಂದು ಬಾಗಿಲು, ಎರಡೂ ಒಟ್ಟಿಗೆ ಮುಚ್ಚಿದಂತೆ. ಲ್ಯಾಸಿಕ್ಸ್‌ಗೆ ಅರ್ಧ ಗಂಟೆ ಮುಂಚೆ ನುಂಗುವ ರೂಢಿ ಇದೆ. ಇದು ಬಲವಾದ ಜೋಡಿ. ಕೆಲವೇ ದಿನಗಳಿಗೆಂದು ಬರೆದದ್ದನ್ನು ಚೆನ್ನಾಗಿ ಕೆಲಸ ಮಾಡಿತೆಂದು ತಿಂಗಳಿಡೀ ಮುಂದುವರಿಸಿದವರು ಸೋಡಿಯಂ, ಪೊಟ್ಯಾಸಿಯಂ ಎರಡೂ ಕುಸಿದು ಐಸಿಯು ಸೇರಬೇಕಾಗಬಹುದು.

ಪೊಟ್ಯಾಸಿಯಂ ಇಳಿದರೆ ಮೀನಖಂಡ ಹಿಡಿದುಕೊಳ್ಳುವುದು, ಕಾಲಲ್ಲಿ ಬಲವಿಲ್ಲದಿರುವುದು, ಎದೆ ಢವಢವ. ಹೃದಯಕ್ಕೆಂದು ಡಿಗಾಕ್ಸಿನ್ ಮಾತ್ರೆ ತೆಗೆದುಕೊಳ್ಳುವವರಿಗೆ ಇದು ಹೆಚ್ಚು ಅಪಾಯ. ಮೆಗ್ನೀಸಿಯಂ ಕೂಡ ಇಳಿದಿದ್ದರೆ ಎಷ್ಟು ಪೊಟ್ಯಾಸಿಯಂ ಸಿರಪ್ ಕುಡಿದರೂ ಏರುವುದಿಲ್ಲ. ಹಾಗೆಂದು ಎಲ್ಲರೂ ಎಳನೀರು ಕುಡಿಯಬಹುದು ಅಂತಲ್ಲ. ಒಂದು ಎಳನೀರಿನಲ್ಲಿ ಸುಮಾರು ಅರ್ಧ ಗ್ರಾಂ ಪೊಟ್ಯಾಸಿಯಂ ಇರುತ್ತದೆ. ಲ್ಯಾಸಿಕ್ಸ್ ಒಂದೇ ತೆಗೆದುಕೊಳ್ಳುವ, ಕಿಡ್ನಿ ಗಟ್ಟಿಯಿರುವವರಿಗೆ ಅದು ಸಹಾಯ. ಆಲ್ಡಾಕ್ಟೋನ್ ಇರುವವರಿಗೆ, ಕ್ರಿಯಾಟಿನಿನ್ ಏರಿದವರಿಗೆ ಅದೇ ವಿಷ. ಉಪ್ಪು ಕಡಿಮೆ ಮಾಡಲೆಂದು ತರುವ ಕಡಿಮೆ ಸೋಡಿಯಂ ಉಪ್ಪಿನಲ್ಲಿ ಸೋಡಿಯಂ ಬದಲಿಗೆ ಇರುವುದು ಪೊಟ್ಯಾಸಿಯಂ ಕ್ಲೋರೈಡ್, ಅದೂ ಇವರಿಗೆ ಬೇಡ. ಮೂತ್ರದ ಸೋಂಕಿಗೆ ಕೊಡುವ ಕೋ-ಟ್ರೈಮಾಕ್ಸಜೋಲ್ ಕೂಡ ಆಲ್ಡಾಕ್ಟೋನ್ ಜೊತೆ ಪೊಟ್ಯಾಸಿಯಂ ಏರಿಸುತ್ತದೆ. 1999ರಲ್ಲಿ 25 ಎಂಜಿ ಸ್ಪೈರೊನೊಲ್ಯಾಕ್ಟೋನ್ ಹೃದಯ ವೈಫಲ್ಯದವರ ಸಾವನ್ನು 30 ಭಾಗ ತಗ್ಗಿಸಿತೆಂಬ ಅಧ್ಯಯನ ಬಂದ ಮೇಲೆ ಎಲ್ಲೆಡೆ ಅದನ್ನು ಬರೆಯತೊಡಗಿದರು. ಕೆನಡಾದ ಒಂಟಾರಿಯೋದಲ್ಲಿ ಪೊಟ್ಯಾಸಿಯಂ ಏರಿ ಆಸ್ಪತ್ರೆ ಸೇರುವವರೂ ಹೆಚ್ಚಿದರು ಎಂದು 2004ರಲ್ಲಿ ವರದಿಯಾಯಿತು. ಮಾತ್ರೆ ಒಳ್ಳೆಯದೇ, ರಕ್ತ ಪರೀಕ್ಷೆ ಬಿಟ್ಟರೆ ಕೆಟ್ಟದ್ದು. ಯಾವುದೇ ನೀರಿನ ಮಾತ್ರೆ ಶುರುಮಾಡಿದ ಅಥವಾ ಡೋಸು ಬದಲಿಸಿದ ಒಂದೆರಡು ವಾರದಲ್ಲಿ ಸೋಡಿಯಂ, ಪೊಟ್ಯಾಸಿಯಂ, ಕ್ರಿಯಾಟಿನಿನ್ ಮೂರನ್ನೂ ನೋಡಿಸಬೇಕು.

ಬಿಪಿಗೆಂದು ಹೈಡ್ರೊಕ್ಲೋರೊಥಯಾಜೈಡ್ ಅಥವಾ ಕ್ಲೋರ್ಥಾಲಿಡೋನ್ ಶುರುವಾದ ಎರಡು ಮೂರು ವಾರದಲ್ಲಿ ಅಜ್ಜಿ ಮಂಕಾದರೆ, ಮಾತು ತಡವರಿಸಿದರೆ, ಹೆಜ್ಜೆ ತಪ್ಪಿದರೆ ವಯಸ್ಸಿನ ಮೇಲೆ ಹಾಕಬೇಡಿ, ಸೋಡಿಯಂ ನೋಡಿಸಿ. ಈ ಗುಂಪಿನ ಮಾತ್ರೆ ಕುಣಿಕೆಯನ್ನು ಮುಟ್ಟುವುದಿಲ್ಲವಾದ್ದರಿಂದ ನೀರು ಹಿಡಿದಿಡುವ ಸೆಳೆತ ಹಾಗೇ ಇರುತ್ತದೆ. ಉಪ್ಪು ಹೋಗುತ್ತದೆ, ನೀರು ನಿಲ್ಲುತ್ತದೆ, ರಕ್ತದ ಸೋಡಿಯಂ ತೆಳುವಾಗುತ್ತದೆ. ಸುಸ್ತು ಎಂದು ಇನ್ನೆರಡು ಲೋಟ ನೀರು ಕುಡಿಸಿದರೆ ಇನ್ನಷ್ಟು ತೆಳು.

ವಾಂತಿ ಭೇದಿ ಆದ ದಿನ, ಜ್ವರದಲ್ಲಿ ಏನೂ ತಿನ್ನದ ದಿನ ಎಂದಿನ ಡೋಸು ಜಾಸ್ತಿಯಾಗುತ್ತದೆ. ರಾಯಚೂರು, ಕಲಬುರಗಿ ಕಡೆಯ ಬೇಸಿಗೆಯಲ್ಲಿ ಬೆವರಿನಲ್ಲೇ ಉಪ್ಪು ಹೋಗುವುದರಿಂದ ಚಳಿಗಾಲದ ಡೋಸು ಏಪ್ರಿಲ್‌ನಲ್ಲಿ ಹೆಚ್ಚಾದೀತು. ಅಂದಾಜಿಗೆ ಬಿಪಿ ಯಂತ್ರ ಸಾಕು: ಮಲಗಿದ್ದಾಗ ಒಮ್ಮೆ, ಎದ್ದು ನಿಂತ ಒಂದು ಮತ್ತು ಮೂರನೇ ನಿಮಿಷಕ್ಕೆ ಮತ್ತೊಮ್ಮೆ. ಮೇಲಿನ ಅಂಕಿ 20ಕ್ಕಿಂತ ಹೆಚ್ಚು ಬಿದ್ದರೆ, ತಲೆ ತಿರುಗಿದರೆ, ಅವತ್ತಿನ ಮಾತ್ರೆಗೆ ಮುಂಚೆ ಡಾಕ್ಟರಿಗೆ ಫೋನ್ ಮಾಡಿ. ಪ್ರೊಸ್ಟೇಟ್ ತೊಂದರೆಯಿರುವ ಗಂಡಸರಿಗೆ ಮಾತ್ರೆ ನುಂಗಿದ ಮೇಲೆ ಮೂತ್ರ ಬಾರದೆ ಕಿಬ್ಬೊಟ್ಟೆ ಉಬ್ಬಿ ನೋಯುತ್ತಿದ್ದರೆ ಮಾತ್ರೆ ಕೆಲಸ ಮಾಡಿದೆ, ದಾರಿ ಕಟ್ಟಿದೆ. ಇನ್ನೊಂದು ಮಾತ್ರೆ ನುಂಗದೆ ನೇರ ಆಸ್ಪತ್ರೆಗೆ.

ಇನ್ನು ಬಿಪಿಗೆ ಅಮ್ಲೋಡಿಪಿನ್ ಶುರುಮಾಡಿದ ಮೇಲೆ ಸಂಜೆ ಹೊತ್ತಿಗೆ ಪಾದ ಊದುವವರು ನೀರಿನ ಮಾತ್ರೆ ಕೇಳಿಕೊಂಡು ಅಂಗಡಿಗೆ ಹೋಗುವುದಿದೆ. ಆ ಊತ ಉಪ್ಪು ನಿಂತದ್ದಲ್ಲ, ಸಣ್ಣ ರಕ್ತನಾಳ ಹಿಗ್ಗಿ ನೀರು ಜಿನುಗಿದ್ದು. ಕೊಳವೆಯ ಯಾವ ಬಾಗಿಲು ಮುಚ್ಚಿದರೂ ಅದು ಸರಿಯಾಗಿ ಇಳಿಯುವುದಿಲ್ಲ. ಬದಲಿಸಬೇಕಾದ್ದು ಅಮ್ಲೋಡಿಪಿನ್ನನ್ನು.